ಹಾಳೆಯ ಹಿಂಬದಿ

ಅಜ್ಜಿ ತೀರಿಕೊಂಡ ವರ್ಷ, 1987ರಲ್ಲಿ, ಚಿಕ್ಕಮ್ಮ ಮೊದಲ ಸಲ ಆ ಪುಸ್ತಕ ನೋಡಿ ಸಾರಿನ ಪುಡಿ ಮಾಡಿದರು. ಅಮ್ಮ ಜ್ವರ ಹಿಡಿದು ಮಲಗಿದ್ದರು, ಕೇಳುವವರಿರಲಿಲ್ಲ. ಪುಟದಲ್ಲಿ ಇದ್ದದ್ದು ಇಷ್ಟು: ಕೊತ್ತಂಬರಿ 0-6-0, ಜೀರಿಗೆ 0-4-0, ಮೆಂತೆ 0-1-0, ಇಂಗು 0-12-0. ಚಿಕ್ಕಮ್ಮ ಶಾಲೆಯಲ್ಲಿ ಲೆಕ್ಕದ ಟೀಚರು. ಆರು ಚಮಚ ಕೊತ್ತಂಬರಿಗೆ ನಾಲ್ಕು ಚಮಚ ಜೀರಿಗೆ, ಒಂದು ಚಮಚ ಮೆಂತೆ ಎಂದು ಅಳೆದು ಹುರಿದರು. ಇಂಗಿನ ಹತ್ತಿರ ಬಂದಾಗ ಕೈ ತಡೆಯಿತಂತೆ. "ಅತ್ತೆಯೇ ಬರೆದದ್ದಲ್ವಾ" ಎಂದು ಹನ್ನೆರಡನ್ನೂ ಹಾಕಿಬಿಟ್ಟರು. ಮದರಾಸಿನ ಎಗ್ಮೋರಿನಲ್ಲಿದ್ದ ನಮ್ಮ ಮಹಡಿಯಿಂದ ಇಳಿದ ಆ ವಾಸನೆಗೆ ಕೆಳಗಿನ ಪೋರ್ಷನ್ನಿನ ತಮಿಳು ಮಾಮಿ ಮೆಟ್ಟಿಲು ಹತ್ತಿ ಬಂದು, ಯಾರಿಗೆ ಹೊಟ್ಟೆನೋವು ಎಂದು ವಿಚಾರಿಸಿದರು.

ಅದು ಅಳತೆಯಲ್ಲ, ಬೆಲೆ. ರೂಪಾಯಿ, ಆಣೆ, ಪೈ. ಅಜ್ಜ ಜಾರ್ಜ್ ಟೌನಿನ ಗೋವಿಂದಪ್ಪ ನಾಯಕನ್ ಬೀದಿಯಿಂದ ತಂದ ಸಾಮಾನಿಗೆ ಎಷ್ಟಾಯಿತು ಎಂದು ಅಜ್ಜಿ ಬರೆದಿಟ್ಟ ಪಟ್ಟಿ ಅದು. ಆಣೆ ಹೋಗಿ ಹೊಸ ಪೈಸೆ ಬಂದದ್ದು 1957ರ ಏಪ್ರಿಲ್ ಒಂದಕ್ಕೆ. ಚಿಕ್ಕಮ್ಮ ಬುದ್ಧಿ ತಿಳಿಯುವ ಹೊತ್ತಿಗೆ ಆ ಮೂರು ಅಂಕಿಯ ಸಾಲನ್ನು ಓದುವ ಅಭ್ಯಾಸವೇ ಊರಿನಿಂದ ಎದ್ದುಹೋಗಿತ್ತು.

ಪುಸ್ತಕವೆಂದರೆ ಹೋಟೆಲಿನ ಲೆಕ್ಕದ ಪುಸ್ತಕ. ಉದ್ದ ಹೆಚ್ಚು, ಅಗಲ ಕಡಿಮೆ. ಹೊರಗೆ ಕೆಂಪು ಬಟ್ಟೆ, ಒಳಗೆ ಬಲಬದಿಯಲ್ಲಿ ಮೂರು ಕಂಬದ ಗೆರೆ. ಅಜ್ಜ ಪಾರ್ಕ್ ಟೌನಿನ ಒಂದು ಉಡುಪಿ ಹೋಟೆಲಿನಲ್ಲಿ ರುಬ್ಬುವ ಕಲ್ಲಿನಿಂದ ಶುರುಮಾಡಿ ಕೊನೆಗೆ ದೊಡ್ಡ ಒಲೆಯ ಭಟ್ಟರಾದವರು. ಅರ್ಧ ಖಾಲಿ ಉಳಿದ ಹಳೆಯ ಪುಸ್ತಕವೊಂದನ್ನು ಕೇಳಿ ಮನೆಗೆ ತಂದಿದ್ದರು. ಅಜ್ಜಿ ಆ ಮೂರು ಗೆರೆಗಳೊಳಗೆ ಕೆಲವು ಕಡೆ ಬೆಲೆ ಬರೆದಿದ್ದಾರೆ, ಕೆಲವು ಕಡೆ ಸೇರು-ಅಚ್ಚೇರು-ಪಾವು ಬರೆದಿದ್ದಾರೆ. ಯಾವುದು ಯಾವುದೆಂದು ಅವರಿಗೆ ಗೊತ್ತಿತ್ತು. ಇನ್ನೊಬ್ಬರಿಗೆ ಗೊತ್ತಾಗಲಿ ಎಂದು ಬರೆದದ್ದೇ ಅಲ್ಲ ಅದು.

ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ, ಎಗ್ಮೋರ್ ಸ್ಟೇಷನ್ನಿನ ಎದುರಿಗೆ, ಮದರಾಸು ಸರಕಾರ ತನ್ನ ಕಾಗದಗಳಿಗೆಂದೇ 1909ರಲ್ಲಿ ಕಟ್ಟಿಸಿದ ರೆಕಾರ್ಡ್ ಆಫೀಸು ಇದೆ. ಈಗ ಅದು ತಮಿಳುನಾಡು ಪತ್ರಾಗಾರ. ಇನ್ನೊಂದು ದಿಕ್ಕಿಗೆ ಹೋದರೆ ಪಾಂಥಿಯನ್ ರಸ್ತೆಯ ಕನ್ನೆಮರಾ ಗ್ರಂಥಾಲಯ, 1896ರದ್ದು. ಭಾರತದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಒಂದು ಪ್ರತಿ ಅಲ್ಲಿಗೆ ಬರಬೇಕೆಂದು 1954ರ ಕಾಯ್ದೆಯೇ ಇದೆ. ಕಾಗದಕ್ಕೆ ಇಷ್ಟು ಮರ್ಯಾದೆ ಇರುವ ಪೇಟೆಯಲ್ಲಿ ನಮ್ಮ ಪುಸ್ತಕ ಇದ್ದದ್ದು ಅಕ್ಕಿ ಡಬ್ಬದ ಮೇಲೆ, ಹಳೆಯ ಸೀರೆಯ ತುಂಡಿನಲ್ಲಿ. ಎರಡೂ ಕಟ್ಟಡಗಳ ಮುಂದೆ ಹಾದು ಬ್ಯಾಂಕಿನ ಕೆಲಸಕ್ಕೆ ಮೂವತ್ತೈದು ವರ್ಷ ಓಡಾಡಿದ ನನಗೆ ಅದು ನಿವೃತ್ತಿಯಾಗುವ ತನಕ ತೋಚಲಿಲ್ಲ.

ಊರಲ್ಲಿ ಅಡುಗೆಯನ್ನು ಯಾರೂ ಬರೆದಿಡುತ್ತಿರಲಿಲ್ಲ. ಕನ್ನಡದಲ್ಲಿ ಅಡುಗೆಯ ಬರವಣಿಗೆ ಹಳೆಯದೇ. 1025ರ ಸುಮಾರಿಗೆ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯ ಉಂಟು. 1508ರಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನೇ ಷಟ್ಪದಿಯಲ್ಲಿ ಬರೆದ. ಆದರೆ ಅದು ವಿದ್ವಾಂಸರ, ಅರಸುಮನೆತನದ ಮಾತು. ಕಟಪಾಡಿ ಹತ್ತಿರದ ನಮ್ಮ ಮೂಲಮನೆಯಲ್ಲಿ ಹೇಳುವ ಅತ್ತೆಯೂ ಕೇಳುವ ಸೊಸೆಯೂ ಒಂದೇ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಕಾಗದ ಯಾಕೆ ಬೇಕು? ಕೈಯೊಂದು ಕಡೆ, ಒಲೆಯೊಂದು ಕಡೆ ಆದಾಗಲೇ ಬರೆಯುವ ಗರಜು ಹುಟ್ಟಿದ್ದು. ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ ಅವರ 'ಸಮೈತ್ತುಪ್ಪಾರ್' 1951ರಲ್ಲಿ ಅಚ್ಚಾಗಿ ತಮಿಳು ಮನೆಗಳ ಮದುವೆಯ ಉಡುಗೊರೆಯೇ ಆಗಿಹೋಯಿತಷ್ಟೆ, ಅದರ ಮೂಲವೂ ಇಂಥದ್ದೇ. ನೆಂಟರ ಮನೆಯ ಹೆಣ್ಣುಮಕ್ಕಳು ಹೇಗೆ ಮಾಡುವುದೆಂದು ಕೇಳುತ್ತಿದ್ದರು, ಆಕೆ ಬರೆದು ಕಳಿಸುತ್ತಿದ್ದರು. ಸೋದರಮಾವ ಕೆ.ವಿ. ಕೃಷ್ಣಸ್ವಾಮಿ ಅಯ್ಯರ್, ಎಷ್ಟು ಜನಕ್ಕೆ ಬರೆಯುತ್ತೀ, ಪುಸ್ತಕವನ್ನೇ ಮಾಡು ಎಂದು ಒತ್ತಾಯಿಸಿದರಂತೆ. ಅಜ್ಜಿಗೆ ಅಂಥ ಸೋದರಮಾವ ಇರಲಿಲ್ಲ. ಇದ್ದದ್ದು ಜಪಾನಿನವರು.

1942ರ ಏಪ್ರಿಲ್ ಐದಕ್ಕೆ ಕೊಲಂಬೊ ಮೇಲೆ ಬಾಂಬು ಬಿತ್ತು, ಮರುದಿನ ವಿಶಾಖಪಟ್ಟಣ, ಕಾಕಿನಾಡ. ಮುಂದಿನ ಸರದಿ ಮದರಾಸಿನದೆಂದು ಪೇಟೆ ಖಾಲಿಯಾಯಿತು. ಸರಕಾರಿ ಕಚೇರಿಗಳೇ ಒಳನಾಡಿಗೆ ಗಂಟುಕಟ್ಟಿದವು. ಅಜ್ಜ ಹೆಂಡತಿ-ಮಕ್ಕಳನ್ನು ಸೆಂಟ್ರಲ್‌ನಲ್ಲಿ ಮಂಗಳೂರು ರೈಲು ಹತ್ತಿಸಿದರು. (ನಮ್ಮ ಮನೆಯ ಮಗ್ಗುಲಿಗೇ ಎಗ್ಮೋರ್ ಸ್ಟೇಷನ್ ಇದ್ದರೂ ಅದು 1908ರಿಂದ ತಂಜಾವೂರು, ತಿರುಚ್ಚಿ, ಧನುಷ್ಕೋಡಿ ಕಡೆಯ ಮೀಟರ್ ಗೇಜಿನವರದ್ದು. ಈಗ ಇಲ್ಲಿಂದಲೇ ಮಂಗಳೂರಿಗೆ ಗಾಡಿ ಹೊರಡುವಾಗೆಲ್ಲ ಅಜ್ಜಿ ನೋಡಬೇಕಿತ್ತು ಅನಿಸುತ್ತದೆ.) ಮಂಗಳೂರಿನಿಂದ ಬಸ್ಸು, ಕಡವು, ಮತ್ತೆ ಬಸ್ಸು. 'ಇವ್ಯಾಕ್ಯುಯೇಶನ್' ಎನ್ನಲು ಬಾರದೆ ಅಜ್ಜಿ ಕೊನೆತನಕ ಆ ವರ್ಷವನ್ನು 'ವೆಕೇಶನ್ನಿನ ವರ್ಷ' ಎಂದೇ ಕರೆಯುತ್ತಿದ್ದರು.

ಆ ವೆಕೇಶನ್ನಿನಲ್ಲಿ ಬರೆದದ್ದು ಪುಸ್ತಕದ ಮೊದಲ ನಲವತ್ತು ಪುಟ. ಮದರಾಸಿನ ಬಾಡಿಗೆ ಮನೆಯಲ್ಲಿ ಗಂಡನೇ ಭಟ್ಟರು, ಅವರೆದುರು ಅಡುಗೆ ಮಾಡಲು ನಾಚಿಕೆ. ಹಿಂದೆ ಹೋಗಲೇಬೇಕೆಂಬುದು ಗೊತ್ತಿತ್ತು. ಅತ್ತೆಯ ಹಿಂದೆ ಹಿಂದೆ ನಡೆದು, ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡಿದ್ದಾರೆ. ಭಾಷೆ ತುಳು, ಲಿಪಿ ಕನ್ನಡ. ಉಪ್ಪು ಬಂದಲ್ಲೆಲ್ಲ ಒಂದೇ ವಾಕ್ಯ: "ಏತ್ ಬೋಡೋ ಆತ್." ಎಷ್ಟು ಬೇಕೋ ಅಷ್ಟು. ಒಂದು ಕಡೆ ಮಾತ್ರ ಇದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಕೇಳಿದರೆ ಬೈಯುತ್ತಾರೆ" ಎಂದಿದೆ.

ಮದರಾಸು ಆಗ ಪರದೇಶವಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ ಜಿಲ್ಲೆ. ಉಡುಪಿಯವರಿಗೆ ರಾಜಧಾನಿ ಇದೇ. 1907ರಲ್ಲಿ ಮಂಗಳೂರಿಗೆ ರೈಲು ಮುಟ್ಟಿದ ಮೇಲೆ, ಗದ್ದೆಯಲ್ಲಿ ಹೊಟ್ಟೆ ತುಂಬದ ಮಾಣಿಗಳು ಟಿಕೇಟು ಇಲ್ಲದೆಯೂ ಇಲ್ಲಿಗೆ ಬಂದರು ಎಂದು ಅಜ್ಜ ನಗುತ್ತಿದ್ದರು, ಯಾರ ಕತೆ ಅಂತ ಹೇಳದೆ. ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು ಹೋಟೆಲಿನ ಅಡುಗೆಮನೆಯಲ್ಲಿ ಕೈಯಾಳಾಗಿ ದುಡಿದು, ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ನಡೆಸಿ, 1930ರ ದಶಕದ ಕೊನೆಗೆ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. 1962ರ ಅವರ ಡ್ರೈವ್-ಇನ್ ಮುಚ್ಚಿದ್ದು 2008ರಲ್ಲಿ. ನಮ್ಮ ಎಗ್ಮೋರಿನಲ್ಲೇ, ಪೂಂದಮಲ್ಲಿ ಹೈರೋಡಿನ ಮೇಲೆ, ಕೆ. ಸೀತಾರಾಮರಾಯರ ದಾಸಪ್ರಕಾಶ 1954ರಲ್ಲಿ ಎದ್ದಿತು. ಅದರ ಐಸ್‌ಕ್ರೀಮಿಗೆ ಅಜ್ಜ ನಮ್ಮನ್ನು ವರ್ಷಕ್ಕೆ ಎರಡು ಸಲ ಕರೆದೊಯ್ಯುತ್ತಿದ್ದರು, ಊಟಕ್ಕೆ ಒಮ್ಮೆಯೂ ಇಲ್ಲ. ಆ ಕಟ್ಟಡ ಈಗಿಲ್ಲ.

ಈ ಹೋಟೆಲುಗಳೆಲ್ಲ ಮದರಾಸಿನ ನಾಲಿಗೆಯನ್ನೇ ತಿದ್ದಿದವು, ಆದರೆ ನಮ್ಮಂಥವರ ಮನೆಗೆ ಅವುಗಳಿಂದ ಒಂದು ಸಾಲು ಬರಹ ಬರಲಿಲ್ಲ. ಭಟ್ಟರ ಅನ್ನ ಇರುವುದು ಅವರ ಕೈಯ ಅಂದಾಜಿನಲ್ಲಿ. ಅದನ್ನು ಬರೆದುಕೊಟ್ಟರೆ ನಾಳೆ ಅವರು ಯಾರಿಗೂ ಬೇಡ. ಮಸಾಲೆ ಹುರಿಯುವಾಗ ಅಜ್ಜ ಮಾಣಿಗಳನ್ನು ನೀರು ತರಲು ಕಳಿಸುತ್ತಿದ್ದರಂತೆ. ಮನೆಯಲ್ಲೂ ಅವರು ಒಲೆಯ ಹತ್ತಿರ ಬಂದದ್ದನ್ನು ನಾನು ಕಂಡಿಲ್ಲ. ಇನ್ನೊಂದು ಸಂಗತಿ ಅವರು ದನಿ ತಗ್ಗಿಸಿ ಹೇಳುತ್ತಿದ್ದದ್ದು. ಎಷ್ಟೋ ಹೋಟೆಲುಗಳ ಬಾಗಿಲಲ್ಲಿ 'ಬ್ರಾಹ್ಮಣರ ಹೋಟೆಲು' ಎಂಬ ಬೋರ್ಡು ಇರುತ್ತಿತ್ತು. 1957ರಲ್ಲಿ ಟ್ರಿಪ್ಲಿಕೇನಿನ ಮುರಳಿ ಕೆಫೆಯ ಮುಂದೆ ಪೆರಿಯಾರ್ ಕಡೆಯವರು ಅದಕ್ಕೇ ಸತ್ಯಾಗ್ರಹ ಹೂಡಿದರು. ನಮ್ಮ ಪುಸ್ತಕದಲ್ಲೂ ಮಡಿಯ ಪುಟಗಳಿವೆ. ಹಿತ್ತಿಲ ಕಟ್ಟಿಗೆ ಒಡೆದವರು, ತೆಂಗಿನಕಾಯಿ ಸುಲಿದವರು ಯಾವ ಪುಟದಲ್ಲೂ ಇಲ್ಲ. ಹಳೆಯ ಪುಸ್ತಕವನ್ನು ಎದೆಗೊತ್ತಿಕೊಳ್ಳುವಾಗ ಇದೂ ನೆನಪಿರಲಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಅಮ್ಮ ಮೈಸೂರಿನ ಕಡೆಯವರು. 1956ರ ಬೇಸಗೆಯಲ್ಲಿ ಸೊಸೆಯಾಗಿ ಬಂದರು. ನವೆಂಬರ್ ಒಂದಕ್ಕೆ ರಾಜ್ಯಗಳ ಗಡಿ ಬದಲಾಗಿ ಗಂಡನ ಊರು ತವರಿನ ರಾಜ್ಯಕ್ಕೆ ಸೇರಿತು, ಗಂಡನ ಮನೆ ಮಾತ್ರ ಸೇರಲಿಲ್ಲ. ಅಜ್ಜಿಯ ತಂಗಿ ಇದ್ದ ಕಾಸರಗೋಡು ಕೇರಳಕ್ಕೆ ಹೋಯಿತು. ಪತ್ರೊಡೆಯ ಬಗ್ಗೆ ಅಕ್ಕತಂಗಿಯರ ಒಂದೇ ಜಗಳ ಆಮೇಲೆ ಎರಡು ರಾಜ್ಯದ ನಡುವಿನ ಜಗಳವಾಯಿತು.

ಅಮ್ಮನಿಗೆ ತುಳು ಬಾರದು. ಪುಸ್ತಕ ಓದಲು ಕೊಟ್ಟರೆ ಅಕ್ಷರ ಎಲ್ಲ ಗೊತ್ತು, ಮಾತು ಗೊತ್ತಿಲ್ಲ. ಅದಕ್ಕೆಂದು ಅಜ್ಜಿ ಅಲ್ಲಲ್ಲಿ ಕನ್ನಡದಲ್ಲಿ ಬರೆದು ಸೇರಿಸಿದರು, ಅದರಿಂದ ಇನ್ನೊಂದು ಎಡವಟ್ಟಾಯಿತು. "ಮೆಣಸು ಎಂಟು" ಎಂದಿತ್ತು. ಅಮ್ಮ ಎಂಟು ಕಾಳುಮೆಣಸು ಹಾಕಿದರು. ಅಜ್ಜಿ ಹೇಳಿದ್ದು ಒಣಮೆಣಸಿನಕಾಯಿ. ಮೈಸೂರಿನವರಿಗೆ ಮೆಣಸು ಅಂದರೆ ಬಳ್ಳಿಯ ಕಾಳು. ಕರಾವಳಿಯಲ್ಲಿ ಮೆಣಸು ಅಂದರೆ ಕೆಂಪು ಕಾಯಿ, ಕಾಳಿಗೆ 'ಒಳ್ಳೆ ಮೆಣಸು' ಎನ್ನಬೇಕು, ತುಳುವಿನಲ್ಲಿ 'ಎಡ್ಡೆ ಮುಂಚಿ'. ಯೋಚಿಸಿದರೆ ತಮಾಷೆಯಾಗಿದೆ. ಮಂಗರಸನ ಅಡುಗೆಯಲ್ಲಿ ಕಾಯಿಯೇ ಇಲ್ಲ. ಅದು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಹೊಸದಾಗಿ ಬಂದದ್ದು ಹಳೆಯದರ ಹೆಸರನ್ನೇ ಕಿತ್ತುಕೊಂಡಿತು, ಹಳೆಯದು 'ಒಳ್ಳೆಯದು' ಎಂಬ ಬಿರುದು ಹೊತ್ತು ಪಕ್ಕಕ್ಕೆ ಸರಿಯಿತು. ಚಾತುರ್ಮಾಸ್ಯದಲ್ಲಿ ಮಾತ್ರ ಅದಕ್ಕೆ ಹಳೆಯ ಪದವಿ. ಶಾಕ, ದಧಿ, ಕ್ಷೀರ, ದ್ವಿದಳ ಎಂದು ನಾಲ್ಕು ತಿಂಗಳ ವ್ರತಕ್ಕೆ ಅಜ್ಜಿ ನಾಲ್ಕು ಪುಟ ಕೊಟ್ಟಿದ್ದಾರೆ. ಮೊದಲ ತಿಂಗಳ ಪುಟದಲ್ಲಿ ಕೆಂಪು ಮೆಣಸಿಲ್ಲ, ಹುಣಸೆಯಿಲ್ಲ; ಒಳ್ಳೆ ಮೆಣಸು, ಜೀರಿಗೆ, ಒಣಗಿಸಿದ ಮಾವು, ಹೆಸರುಬೇಳೆ. ನನಗೆ ಇಡೀ ಪುಸ್ತಕದಲ್ಲಿ ಹೆಚ್ಚು ಇಷ್ಟವಾದ ಊಟ ಅದೇ.

ಎಷ್ಟು ಎಂಬುದು ದೊಡ್ಡ ತಲೆನೋವು. ಸೇರು ಅಂದರೆ ಯಾವ ಸೇರು? ಮದರಾಸಿನ ಅಂಗಡಿಯ ಕಚ್ಚಾ ಸೇರು 24 ತೊಲ, ಈಗಿನ ಲೆಕ್ಕಕ್ಕೆ 280 ಗ್ರಾಂ. ರೈಲ್ವೆಯವರ ಪಕ್ಕಾ ಸೇರು 80 ತೊಲ, 933 ಗ್ರಾಂ. ಮದರಾಸಿನಲ್ಲಿ ಐದು ಕಚ್ಚಾ ಸೇರಿಗೆ ಒಂದು ವೀಸೆ. ಅದರ ಮೇಲೆ ಅಳೆಯುವ ಸೇರು ಬೇರೆ, ತೂಗುವ ಸೇರು ಬೇರೆ. ಅಕ್ಕಿಗೆ ತಮಿಳರ ಪಡಿ. ಪಡಿಯ ಎಂಟನೇ ಒಂದು ಪಾಲು ಆಳಾಕ್ಕು. ಊರಿನ ಪುಟಗಳಲ್ಲಿ ಪಾವು ಎಂದು ಬರೆದ ಅಜ್ಜಿ ಎಗ್ಮೋರಿನ ಪುಟಗಳಲ್ಲಿ ಮೆಲ್ಲಗೆ ಆಳಾಕ್ಕಿಗೆ ಇಳಿದಿದ್ದಾರೆ. ಕೊತ್ತಂಬರಿ ಒಂದು ಕಡೆ 'ಕೊತ್ತಮಲ್ಲಿ' ಆಗಿದೆ. ಶಾಯಿ ನೋಡದೆಯೂ ಯಾವುದು ಮೊದಲು, ಯಾವುದು ಆಮೇಲೆ ಎಂದು ಇದರಿಂದಲೇ ಹೇಳಬಹುದು. ತೊಲಕ್ಕೆ ಅವರ ಹತ್ತಿರ ಒಂದು ಬೆಳ್ಳಿ ರೂಪಾಯಿ ಇತ್ತು, ಜಾರ್ಜ್ ದೊರೆಯ ತಲೆಯದ್ದು. ರೂಪಾಯಿಯ ತೂಕವೇ ಒಂದು ತೊಲ. 1958ರಿಂದ ಕಿಲೋ ಬರತೊಡಗಿ 1962ರ ಹೊತ್ತಿಗೆ ಕಡ್ಡಾಯವಾಯಿತು. ಅಜ್ಜಿ ತಲೆ ಕೆಡಿಸಿಕೊಳ್ಳಲಿಲ್ಲ, ರೂಪಾಯಿಯನ್ನು ಮಾತ್ರ ಅಜ್ಜ ಕಷ್ಟಕಾಲದಲ್ಲಿ ಮಾರಿಬಿಟ್ಟರು.

ಯುದ್ಧದ ಕಾಲದ ಒಂದು ಪುಟಕ್ಕೆ 'ಅಕ್ಕಿ ಇಲ್ಲದೆ' ಎಂದು ಹೆಸರು. 1943ರಲ್ಲಿ ಮದರಾಸಿನಲ್ಲಿ ರೇಷನ್ ಬಂತು. ಮೂರು ಹೊತ್ತು ಕುಚ್ಚಲಕ್ಕಿ ಉಣ್ಣುತ್ತಿದ್ದವರ ಕೈಗೆ ಅಳೆದು ಕೊಟ್ಟ ಬೆಳ್ತಿಗೆ, ಅದೂ ಸಾಲದೆ ಗೋಧಿ, ಜೋಳ. ಆ ಪುಟದಲ್ಲಿ ಗೋಧಿಯ ದೋಸೆ, ಜೋಳದ ಗಂಜಿ, ಗೋಧಿ ನುಚ್ಚಿನ ಕಡುಬು ಇವೆ. ಕಡುಬಿನ ಮೇಲೆ ಅಡ್ಡಗೆರೆ ಎಳೆದು "ಯಾರೂ ತಿನ್ನಲಿಲ್ಲ" ಎಂದಿದೆ. ಪತ್ರಾಗಾರದಲ್ಲಿ ರೇಷನ್ನಿನ ಆಜ್ಞೆಗಳು ಸಾಲಾಗಿ ಇರಬೇಕು, ಅವುಗಳಲ್ಲಿ ಈ ಮೂರನೇ ಕಂಬದ ಷರಾ ಇರಲಾರದು.

ಅಜ್ಜಿಯ ಚಿನ್ನ ಹಂಚಿಕೊಳ್ಳುವಾಗ ನಮ್ಮಲ್ಲಿ ಜಗಳವಾಗಲಿಲ್ಲ. ಇದ್ದದ್ದೇ ನಾಲ್ಕು ಬಳೆ. ಪುಸ್ತಕಕ್ಕೆ ಜಗಳವಾಯಿತು. ಅಪ್ಪನ ತಂಗಿ, ಮುಂಬಯಿಯ ಮಾಟುಂಗದಲ್ಲಿದ್ದ ಅತ್ತೆ, ಅಮ್ಮನ ಕೈಬರಹ ಮಗಳಿಗೆ ಸೇರಬೇಕು ಎಂದರು. ಅಡುಗೆ ಮಾಡುತ್ತಿರುವವರು ಸೊಸೆಯಂದಿರು ಎಂದು ಅಪ್ಪ ಎಂದರು. ಜೆರಾಕ್ಸ್ ಮಾಡಿಸೋಣ ಎಂದು ನಾನು ಹೇಳಿದ್ದಕ್ಕೆ ಇಬ್ಬರೂ ನನ್ನನ್ನು ದುರುಗುಟ್ಟಿ ನೋಡಿದರು. ಅವರ ಸಿಟ್ಟು ಈಗ ಅರ್ಥವಾಗುತ್ತದೆ. ನಾಲ್ಕನೇ ಪುಟದ ಮೂಲೆಯಲ್ಲಿ ಅರಶಿನದ ಹೆಬ್ಬೆಟ್ಟಿನ ಗುರುತಿದೆ, ಅದರ ಅರ್ಧ ಹಳದಿ, ಅರ್ಧ ಕೆಂಪು. ಅರಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಎಲೆಯಡಿಕೆ ಹಾಕಿದ ಕೈಯಲ್ಲೇ ಪುಟ ಮಗುಚಿದ್ದಾರೆ. ಜೆರಾಕ್ಸಿನಲ್ಲಿ ಅದು ಬರೀ ಕಪ್ಪು ಮಚ್ಚೆ. ಲ್ಯಾಮಿನೇಶನ್ ಮಾಡಿಸು ಎಂದು ಅಣ್ಣ ಎರಡು ಸಲ ಹೇಳಿದ್ದಾನೆ. ಪ್ಲಾಸ್ಟಿಕ್ಕಿನೊಳಗೆ ಸಾರಿನ ವಾಸನೆ ಬರುವುದಿಲ್ಲ ಎಂದಿದ್ದೇನೆ.

ಅತ್ತೆ ಮುಂಬಯಿಗೆ ಹೊರಟ ಮೇಲೆ ನೋಡಿದರೆ ಒಂದು ಹಾಳೆ ಇಲ್ಲ. ಬ್ಲೇಡಿನಿಂದ, ಹೊಲಿಗೆ ಬಿಡದಂತೆ, ನೇರವಾಗಿ ಕತ್ತರಿಸಿದ್ದರು. ಆ ಹಾಳೆಯಲ್ಲಿ ಹಯಗ್ರೀವ ಇತ್ತು, ಅತ್ತೆಗೆ ಪ್ರಾಣ. ಹಾಳೆಗೆ ಎರಡು ಮುಖ ಇರುತ್ತದೆ ಎಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ. ಹಯಗ್ರೀವದ ಹಿಂಬದಿಯಲ್ಲಿ ಹುಳಿಯ ಉಳಿದ ಅರ್ಧ ಇತ್ತು. ನಮ್ಮಲ್ಲಿ ಉಳಿದದ್ದು, ತೊಗರಿಬೇಳೆ ಬೇಯಿಸಿ, ಮಟ್ಟುಗುಳ್ಳ ಸಿಕ್ಕದಿದ್ದರೆ ಇಲ್ಲಿನ ಬದನೆ ಹೆಚ್ಚಿ, ಹುಣಸೆ ಕಿವುಚಿ ಹಾಕಿ "ಮತ್ತೆ" ಎಂಬಲ್ಲಿಗೆ ನಿಂತಿತು. ಆ "ಮತ್ತೆ"ಯ ಮುಂದಿನದನ್ನು ಅಮ್ಮ ಬಾಯಿರುಚಿಯ ನೆನಪಿನಿಂದ ತುಂಬಿದರು. ಹುರಿದ ಮಸಾಲೆ, ಅರ್ಧ ಹೋಳು ತೆಂಗಿನಕಾಯಿ, ನುಣ್ಣಗೆ ರುಬ್ಬಿ, ಕೊನೆಗೆ ಬೆಲ್ಲ. ನಾನು ಕಲಿತದ್ದು ಅದನ್ನೇ. ಅಣ್ಣನ ಹೆಂಡತಿ ಬರೆದುಕೊಂಡದ್ದು ಅದನ್ನೇ. ಅಜ್ಜಿಯ ಹುಳಿ ಎಂದು ನಾವು ನೆಂಟರಿಗೆ ಬಡಿಸಿದ್ದು ಅದನ್ನೇ.

ಕಳೆದ ವರ್ಷ ಅತ್ತೆ ಹೋದರು. ಅವರ ಮಗ ಫೋನು ಮಾಡಿ, "ಅಕ್ಕಾ, ಅಮ್ಮನ ದೇವರ ಪೆಟ್ಟಿಗೆಯಲ್ಲಿ ಒಂದು ಹಾಳೆ ಸಿಕ್ಕಿದೆ, ನಿಮ್ಮದು ಅಂತ ಕಾಣುತ್ತದೆ" ಎಂದ. ಕೊರಿಯರಿನಲ್ಲಿ ಬಂತು. ಹಯಗ್ರೀವದ ಬದಿ ತುಪ್ಪ ಹೀರಿ ಗಾಜಿನ ಹಾಗಾಗಿತ್ತು, ಅಕ್ಷರ ಎರಡು ಕಡೆಯಿಂದಲೂ ಕಾಣುತ್ತಿತ್ತು. ಹಾಳೆಯನ್ನು ಪುಸ್ತಕದ ಹೊಲಿಗೆಗೆ ಹಿಡಿದೆ. ಬ್ಲೇಡಿನ ಅಂಚು ಕೂಡಿತು. "ಮತ್ತೆ" ಎಂಬುದರ ಮುಂದೆ, ತುಳುವಿನಲ್ಲಿ ಅಲ್ಲ, ಕನ್ನಡದಲ್ಲಿ, ಹೀಗಿತ್ತು: ಕಾಯಿ ಹಾಕುವುದಲ್ಲ. ಕಡಲೆಬೇಳೆ, ಕೊತ್ತಂಬರಿ, ಮೆಣಸು, ಮೆಂತೆ ಹುರಿದು ಪುಡಿ. ಒಂದು ಹಿಡಿ ಅಕ್ಕಿ ಹಿಟ್ಟು ಕದಡಿ ಬಿಡುವುದು. ರಾತ್ರಿವರೆಗೂ ಹಳಸುವುದಿಲ್ಲ.

ಭಾನುವಾರ ಅದರಂತೆಯೇ ಮಾಡಿದೆ. ಅಮ್ಮನಿಗೆ ಈಗ ಎಂಬತ್ತೆಂಟು, ಹಲ್ಲಿಲ್ಲ, ನಾಲಿಗೆ ಇದೆ. ಏನೂ ಹೇಳದೆ ಅನ್ನಕ್ಕೆ ಕಲಸಿ ಕೊಟ್ಟೆ. ಒಂದು ತುತ್ತು ಬಾಯಲ್ಲಿಟ್ಟುಕೊಂಡು ಸುಮ್ಮನಿದ್ದರು.

"ಇದು ಅತ್ತೇದಲ್ಲ ಕಣೇ," ಎಂದರು. "ಮಾವನೋರ್ದು. ಹೋಟ್ಲಿಂದು."

"ಅಜ್ಜಿಯ ಅಕ್ಷರದಲ್ಲೇ ಇದೆಯಲ್ಲಮ್ಮ?"

"ಬರ್ಕೊಂಡಿರ್ತಾರೆ. ಮನೇಲಿ ಒಂದಿನಾನೂ ಮಾಡ್ಲಿಲ್ಲ." ತಟ್ಟೆ ಮುಂದಕ್ಕೆ ತಳ್ಳಿ ಮೊಸರು ಕೇಳಿದರು.

ಮಾಣಿಗಳನ್ನು ನೀರಿಗೆ ಕಳಿಸಿ ಅಜ್ಜ ಹುರಿಯುತ್ತಿದ್ದ ಪುಡಿ, ಯಾವ ರಾತ್ರಿ ಯಾವ ಮಾತಿನ ನಡುವೆ ಅಜ್ಜಿಯ ಪೆನ್ನಿಗೆ ಸಿಕ್ಕಿತೋ. ಪಾತ್ರೆಯನ್ನು ಫ್ರಿಜ್ಜಿಗೆ ಇಡದೆ ಕಟ್ಟೆಯ ಮೇಲೆ ಬಿಟ್ಟೆ. ರಾತ್ರಿ ಹತ್ತಕ್ಕೆ ಮುಚ್ಚಳ ತೆಗೆದು ಮೂಸಿದೆ. ಹಳಸಿರಲಿಲ್ಲ.